‘ಅವಾರ್ಡ್’ ಬಂತು ಅಂತ ಸುಮ್ಮನೆ ಕೂರಬೇಡಿ



ಅವಾರ್ಡ್ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಶಾಲು, ಹಾರ, ಫಲಕ. ಆದರೆ ಭೂಸ್ವಾಧೀನ ಕಚೇರಿಯಿಂದ ಮನೆಗೆ ‘ಅವಾರ್ಡ್’ ನೋಟಿಸ್ ಬಂದರೆ ಅದು ಸನ್ಮಾನದ ಕರೆಯೋಲೆ ಅಲ್ಲ. ನಿಮ್ಮ ಹೊಲಕ್ಕೆ ಇಷ್ಟು ಪರಿಹಾರ ಎಂದು ಅಧಿಕಾರಿ ಮಾಡಿದ ತೀರ್ಮಾನ.

ಈ ಪದದ ಹುಟ್ಟೇ ಹಾಗಿದೆ. ‘ನೋಡಿ, ಪರಿಶೀಲಿಸಿ ನಿರ್ಧರಿಸು’ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಅದು ಇಂಗ್ಲಿಷಿಗೆ ಬಂತು. ಮೊದಲು ಇದ್ದದ್ದು ತೀರ್ಪು ಎಂಬ ಅರ್ಥ. ಬಹುಮಾನ ಎಂಬುದು ಆಮೇಲೆ ಸೇರಿಕೊಂಡಿತು. ನಮ್ಮ ‘ಪ್ರಶಸ್ತಿ’ಯ ದಾರಿ ಬೇರೆ. ಪ್ರಶಸ್ತಿ ಅಂದರೆ ಹೊಗಳಿಕೆ. ಐಹೊಳೆಯಲ್ಲಿ ರವಿಕೀರ್ತಿ ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಬರೆದ 634ರ ಶಾಸನವೂ ಪ್ರಶಸ್ತಿಯೇ.

ತೀರ್ಪು ಎಂಬ ಅರ್ಥಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಐತೀರ್ಪು. ಕೃಷ್ಣಾ ನೀರಿಗೆ 1973ರಲ್ಲಿ ಬಚಾವತ್ ಐತೀರ್ಪು ಬಂತು. ಕಾವೇರಿಗೆ 2007ರಲ್ಲಿ ಅಂತಿಮ ಐತೀರ್ಪು ಬಂತು. ‘ಕಾವೇರಿ ಪ್ರಶಸ್ತಿ’ ಅಂತ ಯಾರಾದರೂ ಅಂದರಾ? ಇಲ್ಲ. ಹೊಲದ ವಿಷಯದಲ್ಲೂ ಅದೇ ಎಚ್ಚರ ಇರಲಿ.

ಗಡಿಯಲ್ಲಿರೋ ನಮಗೆ ತೊಡಕು ಇನ್ನೊಂದು ಪಟ್ಟು. ಕಾಗದ ನಮ್ಮ ಭಾಷೆಯಲ್ಲಿ ಬರೋದಿಲ್ಲ. ಜತ್ತ, ಅಕ್ಕಲಕೋಟೆ ಕಡೆ ಅದೇ ‘ನಿವಾಡಾ’ ಆಗಿರುತ್ತೆ. ಉಳಿದ ಕಡೆ ಇಂಗ್ಲಿಷ್ ಪದವೇ ಇರಬಹುದು. ಅಜ್ಜ ಅದನ್ನು ಮಡಚಿ ಪಾಸ್‌ಬುಕ್ಕಿನ ಒಳಗೆ ಇಟ್ಟುಬಿಟ್ಟರೆ ನಷ್ಟ ನಮ್ಮದೇ.

ಏಕೆಂದರೆ ಐತೀರ್ಪಿಗೆ ಗಡುವು ಇದೆ. 2013ರ ಭೂಸ್ವಾಧೀನ ಕಾಯ್ದೆಯ 64ನೇ ಕಲಂ ಪ್ರಕಾರ, ಪರಿಹಾರದ ಮೊತ್ತ, ಜಮೀನಿನ ಅಳತೆ, ಪಾಲು ಒಪ್ಪಿಗೆಯಾಗದಿದ್ದರೆ ಕಲೆಕ್ಟರಿಗೆ ಲಿಖಿತ ಅರ್ಜಿ ಕೊಡಬಹುದು. ಐತೀರ್ಪಿನ ದಿನ ನೀವು ಅಲ್ಲೇ ಹಾಜರಿದ್ದರೆ ಅಂದಿನಿಂದ 6 ವಾರ. ಇಲ್ಲದಿದ್ದರೆ ನೋಟಿಸ್ ಕೈಸೇರಿದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲು ಮುಗಿಯುತ್ತೋ ಅದು.

ಇನ್ನೊಂದು ಮಾತು. ದುಡ್ಡು ಬೇಡ ಅನ್ನಬೇಕಿಲ್ಲ. ‘ಮೊತ್ತ ಸಾಲದು, ಆಕ್ಷೇಪ ಉಳಿಸಿಕೊಂಡು ಪಡೆಯುತ್ತಿದ್ದೇನೆ’ ಎಂದು ಬರೆದುಕೊಟ್ಟು ತಗೊಳ್ಳಬಹುದು. ಆಕ್ಷೇಪವಿಲ್ಲದೆ ತಗೊಂಡರೆ ಈ ಅರ್ಜಿಯ ಹಕ್ಕೇ ಹೋಗುತ್ತೆ. ಹೆದ್ದಾರಿಯಂಥ ಕೆಲಸಕ್ಕೆ ಬೇರೆ ಕಾಯ್ದೆ, ಬೇರೆ ದಾರಿ. ಹಾಗಾಗಿ ಯಾವ ಕಾಯ್ದೆ ಅಂತ ಮೊದಲು ನೋಡಿ, ವಕೀಲರನ್ನು ಕೇಳಿ.

ಊರಲ್ಲಿ ಎರಡು ಭಾಷೆ ಓದಬಲ್ಲವರು ನಾವು. ಇವತ್ತು ಸಂಜೆ ಮನೆಯ ಹಳೇ ಕಾಗದ ತೆಗೆದು, ಅಪ್ಪ, ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳೋಣ. ಪಕ್ಕದ ಮನೆಯವರಿಗೂ.