ಬೇಸ್‌ಮೆಂಟಿನ ಕಂಬಕ್ಕೆ ರಬ್ಬರ್ ಬೇಕೆ?

ವರ್ತೂರು ಕೋಡಿಯಿಂದ ಗುಂಜೂರಿನ ಕಡೆಗೋ ಬಳಗೆರೆ ರಸ್ತೆಯಲ್ಲಿ ಪಣತ್ತೂರಿನ ಕಡೆಗೋ ಹೋದರೆ, ರಾಗಿ-ಸೊಪ್ಪು ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಸಾಲುಸಾಲು ಅಪಾರ್ಟ್‌ಮೆಂಟುಗಳು. ಪ್ರತಿಯೊಂದರ ಅಡಿಯಲ್ಲೂ ಒಂದು ಬೇಸ್‌ಮೆಂಟು, ಅದರ ತುಂಬ ಕಂಬಗಳು. ಕೆಲವು ಕಡೆ ಆ ಕಂಬಗಳ ಮೂಲೆಗೆ ಹಳದಿ ಪಟ್ಟೆಯ ಕಪ್ಪು ರಬ್ಬರ್ ಗಾರ್ಡ್ ಹೊಡೆದಿರುತ್ತಾರೆ, ಕೆಲವು ಕಡೆ ಇರುವುದಿಲ್ಲ. ಇಲ್ಲದ ಕಡೆ ಅಸೋಸಿಯೇಷನ್ ಸಭೆಯಲ್ಲಿ ಎಂದಾದರೊಮ್ಮೆ ಪ್ರಶ್ನೆ ಎದ್ದೇ ಏಳುತ್ತದೆ: ಎಲ್ಲ ಕಂಬಕ್ಕೂ ಹಾಕಿಸಿಬಿಡೋಣವೇ? ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ಎರಡೂ ಕಡೆಯವರ ವಾದದಲ್ಲಿ ಹುರುಳಿದೆ.

ಕಾರು ಕಂಬಕ್ಕೆ ಉಜ್ಜುವುದಕ್ಕೆ ಓಡಿಸುವವರ ಅಜಾಗರೂಕತೆಯೊಂದೇ ಕಾರಣವಲ್ಲ. ಒಂದು ಕಾರಿಗೆ ಸಿಗುವ ಜಾಗ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ. ಮಾರುತಿ 800ರ ಅಗಲ 1,440 ಮಿಲಿಮೀಟರ್ ಇತ್ತು, ಇಂದಿನ ಕ್ರೆಟಾದ್ದು 1,790. ಕಾರು ದಪ್ಪವಾಯಿತು, ಜಾಗ ಹಿಗ್ಗಲಿಲ್ಲ. ಅದರ ಮೇಲೆ, ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಸರಿದು ಅಡ್ಡದಾರಿ ಹಿಡಿಯುತ್ತದೆ. ಮೂತಿ ಪಾರಾಯಿತು ಎಂದು ನಿರಾಳವಾಗುವಷ್ಟರಲ್ಲಿ ಹಿಂದಿನ ಬಾಗಿಲು ಕಂಬಕ್ಕೆ ಸವರಿರುತ್ತದೆ. ರಿವರ್ಸ್ ಸೆನ್ಸರ್ ನೋಡುವುದು ಹಿಂದಕ್ಕೆ, ಪಕ್ಕಕ್ಕಲ್ಲ.

ಹೀಗೆ ಆದ ಗೀರಿನ ಖರ್ಚನ್ನು ವಿಮೆಯೂ ಸುಲಭವಾಗಿ ಹೊರುವುದಿಲ್ಲ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ಮಾಲೀಕರದೇ. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇ 50ರವರೆಗೆ ಏರುವ ನೋ ಕ್ಲೇಮ್ ಬೋನಸ್ಸು ಒಂದು ಗೀರಿಗಾಗಿ ಕೈಬಿಟ್ಟು ಹೋಗಬಹುದು. ಆದ್ದರಿಂದ ಹೆಚ್ಚಿನವರು ಕ್ಲೇಮಿನ ಗೊಡವೆಗೆ ಹೋಗದೆ ಪೇಂಟಿಂಗಿಗೆ ಸಾವಿರಗಟ್ಟಲೆ ಕೈಯಿಂದ ಕೊಡುತ್ತಾರೆ. ಕೆಲವು ನೂರು ರೂಪಾಯಿಯ ರಬ್ಬರ್ ಪಟ್ಟಿ ಇದನ್ನು ತಪ್ಪಿಸುತ್ತದೆ ಎಂದರೆ ಬೇಡವೆನ್ನುವುದು ಕಷ್ಟ. ಇನ್ನೊಂದು ಮಾತು. ಇಲ್ಲಿನ ರಸ್ತೆಗೆ ಮಕ್ಕಳನ್ನು ಸೈಕಲ್ ಕೊಟ್ಟು ಕಳಿಸುವ ಧೈರ್ಯ ಯಾರಿಗೂ ಇಲ್ಲ, ಅವು ಬೇಸ್‌ಮೆಂಟಿನಲ್ಲೇ ತುಳಿಯುತ್ತವೆ. ಬಿದ್ದಾಗ ತಲೆಗೆ ಸಿಗುವುದು ಕಾಂಕ್ರೀಟಿನ ಚೂಪು ಅಂಚೋ ರಬ್ಬರೋ ಎಂಬುದು ಸಣ್ಣ ವ್ಯತ್ಯಾಸವಲ್ಲ.

ಬೇಡ ಎನ್ನುವವರ ಮೊದಲ ಆಕ್ಷೇಪ ಲೆಕ್ಕದ್ದು. 1,200 ಕಿಲೋ ತೂಕದ ಕಾರು ಗಂಟೆಗೆ ಬರೀ ಐದು ಕಿಲೋಮೀಟರ್ ವೇಗದಲ್ಲಿ ಬಂದರೂ, ಅದನ್ನು ಒಂದು ಸೆಂಟಿಮೀಟರಿನಲ್ಲಿ ನಿಲ್ಲಿಸಲು ಹೆಚ್ಚುಕಡಿಮೆ ಹನ್ನೆರಡು ಟನ್ನಿನ ಬಲ ಬೇಕು. ಗಾರ್ಡಿನ ದಪ್ಪವೇ ಸುಮಾರು ಒಂದು ಸೆಂಟಿಮೀಟರ್. ವೇಗ ಹತ್ತಕ್ಕೇರಿದರೆ ಹೊಡೆತ ನಾಲ್ಕು ಪಟ್ಟು. ಅಂದರೆ ಸವರಿದ್ದನ್ನು ಅದು ತಡೆದುಕೊಳ್ಳುತ್ತದೆ, ಗುದ್ದಿದ್ದನ್ನಲ್ಲ. ಗೇಟಿನ ಕಂಬಕ್ಕೆ ನೀರಿನ ಟ್ಯಾಂಕರಿನಿಂದ ರಕ್ಷಣೆ ಸಿಗಲಿ ಎಂದು ರಬ್ಬರ್ ಹೊಡೆಸುವುದಂತೂ ಶುದ್ಧ ಸಮಾಧಾನ. ವರ್ತೂರಿನಲ್ಲಿ ಟ್ಯಾಂಕರ್ ಬಾರದ ಗೇಟು ಅಪರೂಪ, ಆರು ಸಾವಿರ ಲೀಟರ್ ಎಂದರೆ ನೀರೇ ಆರು ಟನ್. ಅಲ್ಲಿ ಬೇಕಾದದ್ದು ಕಂಬದ ಮುಂದೆ ನೆಲಕ್ಕೆ ಹೂತ ಉಕ್ಕಿನ ಗೂಟ.

ಎರಡನೆಯ ಆಕ್ಷೇಪ ಕಡಿಮೆ ಕೇಳಿಬರುತ್ತದೆ, ನನಗೆ ಅದೇ ಹೆಚ್ಚು ತೂಕದ್ದು ಅನ್ನಿಸುತ್ತದೆ. ಗಾರ್ಡ್ ಕೂರಿಸಲು ಡ್ರಿಲ್ ಮಾಡಿ ರಾಲ್‌ಪ್ಲಗ್ಗೋ ಆ್ಯಂಕರ್ ಬೋಲ್ಟೋ ಹಾಕುತ್ತಾರೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಕಂಬದ ಮುಖ್ಯ ಸರಳುಗಳ ಮೇಲೆ, ತೀರಾ ಚಿಕ್ಕ ಕಂಬಗಳನ್ನು ಬಿಟ್ಟರೆ, ಕನಿಷ್ಠ 40 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಆ ಹೊದಿಕೆಯೇ ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು. ಗಾರ್ಡಿನ ತೂತು ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಬರುತ್ತದೆ, ಕಂಬದ ಮೂಲೆಯ ಸರಳೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಉದ್ದದ ಬೋಲ್ಟು ಹಾಕಿದರೆ ಹೊದಿಕೆಗೆ ತೂತು ಬಿದ್ದಂತೆಯೇ.

ಒಣ ಜಾಗದಲ್ಲಾದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಇದು ಕೆರೆಯ ಮಗ್ಗುಲು. ಬೆಳ್ಳಂದೂರು ಕೆರೆಯ ನೀರು ಇಳಿದು ಬರುವುದು ವರ್ತೂರು ಕೆರೆಗೆ, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಗೆ. ಮಳೆಗಾಲದಲ್ಲಿ ನೆಲದೊಳಗಿನಿಂದಲೇ ನೀರು ಒಸರುವ ಬೇಸ್‌ಮೆಂಟುಗಳು ಈ ಕಡೆ ಇವೆ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ ವಲಯದಲ್ಲಿ ನೆಲಮಾಳಿಗೆಗಳೇ ತುಂಬಿ ಕಾರುಗಳು ಮುಳುಗಿದ್ದವು. ಮಳೆಯಿಲ್ಲದ ದಿನವೂ ಬೆಳಗಿನ ಜಾವ ಕಾರು ತೊಳೆಯುವವರ ಬಕೆಟ್ಟಿನ ನೀರು ಕಂಬದ ಬುಡಕ್ಕೇ ಹೋಗುತ್ತದೆ. ನೆಲಕ್ಕೆ ಒತ್ತಿ ಕೂರಿಸಿದ ರಬ್ಬರಿನ ಹಿಂದೆ ತೇವ ನಿಂತು ಆರುವುದಿಲ್ಲ. ಒಳಗೆ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಸೀಳು ಬಿಟ್ಟರೂ ಹೊರಗೆ ಕಾಣುವುದು ಅಚ್ಚುಕಟ್ಟಾದ ಹಳದಿ ಪಟ್ಟೆ. ಪಟ್ಟಿ ಇಲ್ಲದ ಕಂಬದಲ್ಲಿ ಆ ಸೀಳು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಹಾಗೆಂದು ಗಾರ್ಡೇ ಕಂಬವನ್ನು ಕೆಡಿಸುತ್ತದೆ ಎನ್ನುವುದು ಅತಿಯಾದೀತು. ಕೆಟ್ಟ ವಾಟರ್‌ಪ್ರೂಫಿಂಗಿನ ತಪ್ಪನ್ನು ನಾಲ್ಕು ಸ್ಕ್ರೂಗಳ ತಲೆಗೆ ಕಟ್ಟುವುದು ಬಿಲ್ಡರಿಗೆ ಮಾಡುವ ಉಪಕಾರ. ಗಿಡ್ಡ ಸ್ಕ್ರೂ, ಇಲ್ಲವೇ ಬರೀ ಅಂಟು, ನೆಲದಿಂದ ಒಂದು ಗೇಣು ಮೇಲೆ. ಇಷ್ಟು ಮಾಡಿದರೆ ಅರ್ಧ ಆಕ್ಷೇಪ ಕರಗುತ್ತದೆ. ಮೇಲೇರಿಸಿದರೆ ಇನ್ನೊಂದು ಲಾಭವೂ ಇದೆ. ಕಾರು ತಾಗುವುದು ಬಂಪರು ಮತ್ತು ಬಾಗಿಲಿನ ಎತ್ತರದಲ್ಲಿ, ನೆಲದ ಮಟ್ಟದಲ್ಲಲ್ಲ. ಆದರೆ ಅಂಟು ತೇವದ ಗೋಡೆಯಲ್ಲಿ ಬಾಳುವುದಿಲ್ಲ, ಧೂಳು ಕೂತ ಹಳದಿ ಪಟ್ಟೆ ಹೆಡ್‌ಲೈಟಿಗೆ ಹೊಳೆಯುವುದೂ ಇಲ್ಲ. ಒರೆಸುವವರು ಬೇಕು.

ತಮ್ಮ ಜಾಗದ ಪಕ್ಕದ ಕಂಬಕ್ಕೆ ತಾವೇ ಡ್ರಿಲ್ ತಂದು ಹೊಡೆಸುವವರೂ ಇದ್ದಾರೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಕಂಬ-ತೊಲೆಗಳನ್ನು ಎಲ್ಲರಿಗೂ ಸೇರಿದ ಭಾಗವೆಂದೇ ಎಣಿಸುತ್ತದೆ. ಕಾರಿನ ಜಾಗ ನಿಮ್ಮದಿರಬಹುದು, ಕಂಬ ಹದಿನಾಲ್ಕನೆಯ ಮಹಡಿಯವರದೂ ಹೌದು. ಕೊರೆಯುವುದು ಅಸೋಸಿಯೇಷನ್ ಗೊತ್ತುವಳಿಯ ಮೇಲೆ, ಎಂಜಿನಿಯರ್ ನೋಡಿದ ಮೇಲೆ ಆಗಬೇಕಾದ ಕೆಲಸ.

ನನ್ನನ್ನು ಕೇಳಿದರೆ ಎಲ್ಲ ಕಂಬಕ್ಕೂ ಬೇಡ. ರ‍್ಯಾಂಪಿನ ಬಾಯಿ, ತಿರುವಿನ ಒಳಮೂಲೆ, ಮಕ್ಕಳು ಓಡಾಡುವ ಲಿಫ್ಟಿನ ಎದುರು. ಇಲ್ಲಿಗೆ ಹಾಕಿಸಬಹುದು. ಯಾವ ಕಂಬಕ್ಕೆ ಎಂದು ನಕ್ಷೆ ನೋಡಿ ಚರ್ಚಿಸಬೇಕಿಲ್ಲ, ಈಗಾಗಲೇ ಬಣ್ಣ ಬಣ್ಣದ ಗೀರು ಬಿದ್ದಿರುವ ಕಂಬಗಳೇ ತೋರಿಸುತ್ತವೆ. ಉಳಿದವುಗಳಿಗೆ ಹಳದಿ-ಕಪ್ಪು ಬಣ್ಣ ಬಳಿದು ಒಂದು ಒಳ್ಳೆಯ ಟ್ಯೂಬ್‌ಲೈಟ್ ಹಾಕಿದರೆ ಸಾಕು. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಒಂದೆರಡು ಗಾರ್ಡ್ ಬಿಚ್ಚಿ ಹಿಂದೆ ನೋಡಬೇಕು. ದುಡ್ಡಿನ ಮಾತಿಗೆ ಬಂದರೆ, ಬರೀ ಸ್ಕೂಟರ್ ಇಟ್ಟುಕೊಂಡವರು ಕಾರಿನವರ ಬಣ್ಣ ಉಳಿಸಲು ಮೇಂಟೆನೆನ್ಸ್ ಏಕೆ ಕೊಡಬೇಕು ಎಂದು ಸಭೆಯಲ್ಲಿ ಕೇಳಿದರೆ, ಮಕ್ಕಳ ತಲೆಯ ವಾದವೊಂದನ್ನು ಬಿಟ್ಟು ಬೇರೆ ಉತ್ತರ ನನ್ನ ಹತ್ತಿರ ಇಲ್ಲ.