ಟೆರೇಸಿನ ಬೀಗ ಮತ್ತು ಚಂದನ

1972ರಲ್ಲಿ ಮುಂಬಯಿಗೆ ದೂರದರ್ಶನ ಬಂತು. ಆಂಟೆನಾ ಎಷ್ಟು ಎತ್ತರ ಕಟ್ಟಿದರೂ ಬೆಂಗಳೂರು ಸಿಗುತ್ತಿರಲಿಲ್ಲ. ಆ ಹಳೆಯ ಅನಲಾಗ್ ಪ್ರಸಾರ ಈಗ ಬಹುತೇಕ ನಿಂತಿದೆ. ಕಡ್ಡಿ ಆಂಟೆನಾ ಗುಜರಿಗೆ ಹಾಕಿ. 2004ರಲ್ಲಿ ಶುರುವಾದ ದೂರದರ್ಶನದ ಉಚಿತ ಡಿಟಿಎಚ್, ಈಗಿನ ಡಿಡಿ ಫ್ರೀ ಡಿಶ್, ತಿಂಗಳ ದುಡ್ಡು ಕೇಳುವುದಿಲ್ಲ. ತಟ್ಟೆ, ಡಬ್ಬಿ ಒಮ್ಮೆ ಕೊಂಡರಾಯ್ತು. ನಮ್ಮ ಚಂದನ ಅದರಲ್ಲಿದೆ!

ಆದರೆ ತಟ್ಟೆಗೆ ಆಗ್ನೇಯದ ಆಕಾಶ ಬಯಲಾಗಿ ಕಾಣಬೇಕು. ಪಶ್ಚಿಮಕ್ಕೆ ಬಾಲ್ಕನಿ ಇದ್ದವರಿಗೆ ಟೆರೇಸೇ ಗತಿ. ಅಲ್ಲಿ ಸೊಸಾಯಿಟಿಯ ಬೀಗ. ಮೊಳೆ ಹೊಡೆದರೆ ಗಚ್ಚು ಸೋರುತ್ತದಂತೆ. ಸರಿ ಸ್ವಾಮಿ, ಮೊಳೆ ಬೇಡ. ಭಾರವಾದ ಕಾಂಕ್ರೀಟು ದಿಮ್ಮಿಗೆ ಕಂಬ ಬಿಗಿಯೋಣ. ನಾಲ್ಕು ಬಾಯಿಯ ಎಲ್‌ಎನ್‌ಬಿ ಹಾಕಿದರೆ ಒಂದೇ ತಟ್ಟೆ ನಾಲ್ಕು ಮನೆಗೆ ಸಾಕು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಯರು ಎಷ್ಟು ಮನೆಯಲ್ಲಿಲ್ಲ? ನಾಲ್ಕು ಮನೆಯವರು ಕೂಡಿ ಒಂದೇ ಅರ್ಜಿ ಬರೆಯಿರಿ, ಮಳೆಗಾಲಕ್ಕೆ ಮುಂಚೆ.