ಟ್ಯೂನ್ ತಗೊಳ್ಳಿ, ಹೆಸರು ಬಿಡಬೇಡಿ

ನಮ್ಮ ಬಳಗದವರೊಬ್ಬರ ಊರಲ್ಲಿ ನಡೆದ ಸಂಗತಿ. ಮದುವೆ ಮನೆಯಲ್ಲಿ ಅಜ್ಜಿಯೊಬ್ಬರು ಸೋಬಾನೆ ಹಾಡುತ್ತಿದ್ದರು. ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಕೆಲವೇ ತಿಂಗಳಲ್ಲಿ ಅದೇ ದನಿಗೆ ಬೀಟ್ ಸೇರಿ, ಗಣಪತಿ ಮೆರವಣಿಗೆಯ ಡಿಜೆಯಲ್ಲಿ ಬಂತು. ಹುಡುಗರು ಕುಣಿದಿದ್ದೇ ಕುಣಿದಿದ್ದು. ಮೊಮ್ಮಗ ಯೂಟ್ಯೂಬ್ ತೆರೆದು ತೋರಿಸಿದಾಗ ಅಜ್ಜಿ ಬೈಯಲಿಲ್ಲ. "ಚೆನ್ನಾಗೈತೆ ಕಣೋ. ನಾನು ಹಾಡಿದ್ದು ಅಂತ ಎಲ್ಲಿ ಬರೆದವ್ರೆ?" ಅಂದರು, ಅಷ್ಟೆ.

ಎಲ್ಲೂ ಬರೆದಿರಲಿಲ್ಲ.

ಇದು ಸಣ್ಣ ವಿಷಯ ಅನ್ನುವವರಿಗೆ ಅಮೆರಿಕದ ಎರಡು ಹಾಡುಗಳ ಕಥೆ ಹೇಳುತ್ತೇವೆ. ಎರಡರಲ್ಲೂ ಹಿಂದಿ ಸಿನಿಮಾದ ಸಂಗೀತ ಇದೆ.

ಮೊದಲನೆಯದು 2002ರ 'ಅಡಿಕ್ಟಿವ್'. ಹಾಡಿದವರು ಟ್ರೂತ್ ಹರ್ಟ್ಸ್ ಎಂಬ ಗಾಯಕಿ. ಅದರ ಬೆನ್ನೆಲುಬು ಮಾತ್ರ 1981ರ 'ಜ್ಯೋತಿ' ಸಿನಿಮಾಕ್ಕೆ ಬಪ್ಪಿ ಲಾಹಿರಿ ಮಾಡಿದ, ಲತಾ ಮಂಗೇಶ್ಕರ್ ಹಾಡಿದ ಹಾಡು. ಹೀಗೆ ಹಳೆಯ ರೆಕಾರ್ಡಿನ ತುಣುಕನ್ನು ಕತ್ತರಿಸಿ ಹೊಸ ಹಾಡಿಗೆ ಜೋಡಿಸುವುದನ್ನು ಸ್ಯಾಂಪಲ್ ಅನ್ನುತ್ತಾರೆ. 'ಅಡಿಕ್ಟಿವ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಬಪ್ಪಿ ಲಾಹಿರಿ ಹೆಸರು ಮಾತ್ರ ಇರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. 2003ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯ, ಅವರ ಹೆಸರು ಹಾಕದೆ ಆಲ್ಬಂ ಮಾರುವಂತಿಲ್ಲ ಎಂದಿತು.

ಎರಡನೆಯದು 2005ರ 'ಡೋಂಟ್ ಫಂಕ್ ವಿತ್ ಮೈ ಹಾರ್ಟ್'. ಬ್ಲ್ಯಾಕ್ ಐಡ್ ಪೀಸ್ ಎಂಬ ಹಿಪ್‌ಹಾಪ್ ತಂಡದ್ದು, ಪಕ್ಕಾ ಪಾರ್ಟಿ ಹಾಡು. 1978ರ 'ಡಾನ್' ಮತ್ತು 1972ರ 'ಅಪರಾಧ್' ಸಿನಿಮಾಗಳ ಹಾಡುಗಳಿಂದ ಇದು ಸಾಲ ಪಡೆದಿದೆ. ಎರಡಕ್ಕೂ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿ, ದನಿ ಆಶಾ ಭೋಸ್ಲೆ. ಅಮೆರಿಕದ ಇನ್ನೊಂದು ಹಳೆಯ ಹಾಡಿನ ತುಣುಕೂ ಇದರಲ್ಲಿದೆ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನ ಸಿಕ್ಕಿತು, 2006ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಇಲ್ಲಿ ಕಲ್ಯಾಣ್‌ಜಿ-ಆನಂದ್‌ಜಿ ಹೆಸರು ಹಾಡು ಕಟ್ಟಿದವರ ಪಟ್ಟಿಯಲ್ಲೇ ಇತ್ತು.

ಹೆಸರು ಹಾಕಿದ್ದರಿಂದ ಹಾಡಿನ ಕಿಮ್ಮತ್ತು ಕಡಿಮೆಯಾಯಿತೇ? ಇಲ್ಲ. ಕುಣಿಯುವವರು ನಿಲ್ಲಿಸಿದರೇ? ಅದೂ ಇಲ್ಲ.

ರೀಮಿಕ್ಸ್ ಮಾಡುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. 'ಡಾನ್' ಹಾಡುಗಳಲ್ಲೇ ಪಶ್ಚಿಮದ ಬ್ಯಾಂಡುಗಳ ಸದ್ದು ಇದೆ. ರಾಗ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹೋಗುತ್ತಲೇ ಇರುತ್ತದೆ. ಹೋಗಲಿ. ಅದರ ಜೊತೆ ಹೆಸರೂ ಹೋಗಲಿ ಅನ್ನುವುದಷ್ಟೇ ನಮ್ಮ ಮಾತು.

"ಸಿನಿಮಾ ಹಾಡಿಗೆ ಮಾಲೀಕರಿದ್ದಾರೆ, ಸೋಬಾನೆಗೆ ಯಾರಿದ್ದಾರೆ?" ಎಂದು ಕೇಳಬಹುದು. ಹಾಡು ಜನಪದ, ಎಲ್ಲರದೂ ಹೌದು. ಆದರೆ ಅಜ್ಜಿಯ ದನಿ ಎಲ್ಲರದಲ್ಲ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಹಾಡುವವರಿಗೆ, ವಾದ್ಯ ನುಡಿಸುವವರಿಗೆ ಪ್ರದರ್ಶಕರ ಹಕ್ಕು ಎಂಬುದಿದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಅದರಿಂದ ದುಡ್ಡು ಮಾಡುವಂತಿಲ್ಲ. ಬಪ್ಪಿ ಲಾಹಿರಿ ಪರವಾಗಿ ವಕೀಲರು ನಿಂತರು. ಸೋಬಾನೆ ಹಾಡುವವರಿಗೆ, ಡೊಳ್ಳು ಬಾರಿಸುವವರಿಗೆ, ಗೀಗೀ ಪದದವರಿಗೆ ಯಾರು ನಿಲ್ಲುತ್ತಾರೆ? ನಾವೇ ನಿಲ್ಲಬೇಕು.

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ರೆಕಾರ್ಡ್ ಮಾಡುವ ಮುಂಚೆ ಒಂದು ಮಾತು ಕೇಳಿ. ವಿಡಿಯೊ ಹಾಕುವಾಗ ಹಾಡಿದವರ ಹೆಸರು, ಊರು ಬರೆಯಿರಿ. ದುಡ್ಡು ಬಂದರೆ ಅವರ ಪಾಲು ಕೊಡಿ. ನಿಮ್ಮೂರಿನವರ ದನಿ ಹೆಸರಿಲ್ಲದೆ ಓಡಾಡುತ್ತಿದ್ದರೆ, ಕೆಳಗೆ ಕಾಮೆಂಟಿನಲ್ಲಿ ನೀವೇ ಹೆಸರು ಹಾಕಿ.

ಆ ಅಜ್ಜಿ ದುಡ್ಡು ಕೇಳಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಅವರು ಕೇಳಿದ್ದು ಒಂದು ಸಾಲು. ಅದನ್ನು ಬರೆಯಲು ಅರ್ಧ ನಿಮಿಷವೂ ಬೇಕಾಗಿರಲಿಲ್ಲ.